ಅಳಿಸಿ ಹಾಕಿದ ಜಾಯಿಂಟು

ಆ ಸಿನಿಮಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಈ ಪುಸ್ತಕವನ್ನು ಬೋರಲು ಹಾಕಿ, ಫೋನು ತೆಗೆದು ಹುಡುಕಲು ಶುರು ಮಾಡುತ್ತೀರಿ. ಇಲ್ಲ ಅನ್ನಬೇಡಿ. ಹುಡುಕುವವರು ಇದ್ದಾರೆಂದೇ ಅವರು ಅದನ್ನು ಮತ್ತೆ ಹೊರಗೆ ತಂದದ್ದು.

ಸಂಡೂರಿನ ಗಣಿ ಆಫೀಸೊಂದರಲ್ಲಿ ನನ್ನದು ಅದಿರಿನ ಲಾರಿಗಳ ಓಡಾಟ ನೋಡಿಕೊಳ್ಳುವ ಕೆಲಸ. ಪಕ್ಕದ ಮೇಜಿನವನಿಗೆ ಹಳೆಯ ಅಗ್ಗದ ಸಿನಿಮಾಗಳ ಹುಚ್ಚು. ದೆವ್ವದ ಪಿಚ್ಚರು, ಡಕಾಯಿತರ ಪಿಚ್ಚರು, ಕಾಡಿನಲ್ಲಿ ಎಲೆ ಸುತ್ತಿಕೊಂಡ ಹೆಂಗಸು ಓಡಾಡುವ ಪಿಚ್ಚರು. ಒಂದು ಕಾಲದಲ್ಲಿ ಗಂಡಸರು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹೋಗಿ ನೋಡಿ ಬರುತ್ತಿದ್ದ ಕಸ. ಈಗ ಅದನ್ನೆಲ್ಲ ಯಾರೋ ತೊಳೆದು, ಬಣ್ಣ ತಿದ್ದಿ, ಡಿಸ್ಕ್ ಮಾಡಿ, ಚಂದದ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಜತೆಗೊಂದು ಪುಟ್ಟ ಪುಸ್ತಕ ಬೇರೆ. ಆ ಪುಸ್ತಕದಲ್ಲಿ ದೊಡ್ಡ ದೊಡ್ಡ ಮಾತು. ಈಗ ಅದನ್ನು ಕಸ ಅನ್ನುವಂತಿಲ್ಲ, ಪರಂಪರೆ ಅನ್ನಬೇಕಂತೆ.

ಕಾರಹುಣ್ಣಿಮೆ ಮುಗಿದ ಮೇಲಿನ ಒಂದು ಮಧ್ಯಾಹ್ನ ಅವನು ಹೊಸ ಡಬ್ಬಿಯೊಂದನ್ನು ತಂದು ನನ್ನ ಬುತ್ತಿಯ ಪಕ್ಕ ಇಟ್ಟ. ನಮ್ಮ ಹಂಪಿ ಕಡೆಯೇ ತೆಗೆದ ಪಿಚ್ಚರಂತೆ. ಉಳಿದಿದ್ದು ಒಂದೇ ಪ್ರತಿಯಂತೆ, ಅದೂ ನಮ್ಮ ಕಂಪ್ಲಿಯ ಗೋದಾಮಿನಲ್ಲಿ ಸಿಕ್ಕಿತಂತೆ. ಒಂದು ಚೂರೂ ಕತ್ತರಿಸದ ಪೂರ್ತಿ ಸಿನಿಮಾ ಅಂತೆ. ನಾನು ಕೈ ಒರೆಸಿಕೊಂಡು ಡಬ್ಬಿ ಎತ್ತಿ ನೋಡಿದೆ. ಅದರ ಮೇಲೆ ನನ್ನ ಸೋದರತ್ತೆಯ ಮುಖ ಇತ್ತು.

ಹತ್ತೊಂಬತ್ತರ ವಯಸ್ಸಿನ ಮುಖ. ಕೊಡ ಹೊತ್ತವಳು ಹಿಂದೆ ತಿರುಗಿ ನೋಡುತ್ತಿದ್ದಾಳೆ, ಕಣ್ಣು ಅಗಲವಾಗಿವೆ, ಬಾಯಿ ಅರ್ಧ ತೆರೆದಿದೆ. ಕುತ್ತಿಗೆಯಿಂದ ಕೆಳಗೆ ಯಾರೋ ಬಿಡಿಸಿದ ಮೈ, ಒದ್ದೆ ಬಟ್ಟೆ. ಅದನ್ನು ನಾನು ವರ್ಣಿಸುವುದಿಲ್ಲ. ಮುಖ ಮಾತ್ರ ಅತ್ತೆಯದು. ಕನ್ನಡಿಯಲ್ಲಿ ನನ್ನದೂ ಹೆಚ್ಚುಕಡಿಮೆ ಅದೇ ಮುಖ. ರೊಟ್ಟಿ ನುಂಗುತ್ತಿದ್ದವಳು ಕೆಮ್ಮತೊಡಗಿದೆ. ಅವನು ಪಾಪ, ಖಾರ ನೆತ್ತಿಗೆ ಹತ್ತಿತೆಂದು ತಿಳಿದು ನೀರು ಕೊಟ್ಟ. ಅವನ ಮೇಲೆ ಹರಿಹಾಯಲು ನನಗೆ ಕಾರಣ ಇರಲಿಲ್ಲ, ಆದರೂ ಹರಿಹಾಯ್ದೆ. ಆ ಡಬ್ಬಿಯನ್ನು ಅವತ್ತು ಕಸಿದುಕೊಂಡವಳು ಇವತ್ತಿನವರೆಗೂ ವಾಪಸು ಕೊಟ್ಟಿಲ್ಲ.

ಆ ಮುಖದ ಕಥೆಯನ್ನು ಅತ್ತೆಯ ಬಾಯಿಂದಲೇ ಕೇಳಿದ್ದೇನೆ. ನಮ್ಮದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದ್ದ ಮನೆ, ವಿಭೂತಿ ಹಚ್ಚದೆ ನೀರು ಮುಟ್ಟದ ಜನ. ಅತ್ತೆ ಅಪ್ಪನಿಗೆ ಒಬ್ಬಳೇ ತಂಗಿ. ಬೇಸಿಗೆಗೆ ಕಮಲಾಪುರದ ಅಜ್ಜಿಯ ಮನೆಗೆ ಹೋಗಿದ್ದಾಗ, ಹಂಪಿಯ ಬಂಡೆಗಳ ನಡುವೆ ಸಿನಿಮಾದವರು ಬೀಡು ಬಿಟ್ಟಿದ್ದರು. ಕೊಡ ಹೊತ್ತು ನಡೆಯಲು ಹೆಂಗಸರು ಬೇಕೆಂದು ಬಂದು ಕೇಳಿದರು. ಓಣಿಗೆ ಓಣಿಯೇ ಎದ್ದು ಹೊರಟಿತು. ಅಜ್ಜಿಯೇ ಮುಂದೆ ನಿಂತು ಅತ್ತೆಗೆ ಇಳಕಲ್ ಸೀರೆ ಉಡಿಸಿ ಕಳಿಸಿದಳು. ಬೆಳಿಗ್ಗೆ ಇಡ್ಲಿ ಕೊಟ್ಟರಂತೆ, ಮಧ್ಯಾಹ್ನ ಚಿತ್ರಾನ್ನ. ಕ್ಯಾಮೆರಾದವನು ಅತ್ತೆಯನ್ನು ಗುಂಪಿನಿಂದ ಬೇರೆ ಮಾಡಿ, ಹಳ್ಳಕ್ಕೆ ಇಳಿ, ಬಂಡೆಯ ಹಿಂದೆ ಸದ್ದಾಗುತ್ತದೆ, ತಿರುಗಿ ನೋಡು ಅಂದ. ಅತ್ತೆಗೆ ನಗು ತಡೆಯಲಾಗಲಿಲ್ಲ. ಮತ್ತೆ ಮತ್ತೆ ಹಾಳು ಮಾಡಿದ ಮೇಲೆ ಅವನು ರೋಸಿಹೋಗಿ, ಕರಡಿ ಬಂತು ಅಂದುಕೊಳ್ಳಮ್ಮ ಅಂದ. ದರೋಜಿ ಕಡೆಯ ಗುಡ್ಡಗಳಿಂದ ಕರಡಿ ಇಳಿದು ಬರುವುದನ್ನು ಚಿಕ್ಕಂದಿನಿಂದ ಕೇಳಿ ಹೆದರಿದ್ದ ಹುಡುಗಿ ಅವಳು. ಕರಡಿ ಅಂದಕೂಡಲೇ ಮುಖ ತಾನಾಗಿಯೇ ಹಾಗಾಯಿತು. ಡಬ್ಬಿಯ ಮೇಲಿರುವುದು ಕರಡಿಗೆ ಹೆದರಿದ ಮುಖ. ಅದರಲ್ಲಿ ಬೇರೆ ಏನೇನೋ ಕಂಡವರ ಕಣ್ಣು ಇಂಗಿಹೋಗಲಿ.

ಮುಂದಿನ ವರ್ಷ ಸಿನಿಮಾ ಕಂಪ್ಲಿಯ ಟೆಂಟಿಗೆ ಬಂತು. ಆ ಕಾಲದ ಟೂರಿಂಗ್ ಟಾಕೀಸಿನಲ್ಲಿ ಬಿಟ್ ಅಂದರೆ ಏನೆಂದು ನಮ್ಮ ಕಡೆಯ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ. ಇಂಥ ಸಿನಿಮಾಗಳು ಪೋಸ್ಟರಿನಲ್ಲಿ ಏನೇನೋ ಆಸೆ ತೋರಿಸುತ್ತಿದ್ದವು, ಒಳಗೆ ಏನೂ ಇರುತ್ತಿರಲಿಲ್ಲ. ಅದಕ್ಕೆ ಟೆಂಟಿನವರು ಬಟ್ಟೆ ಕಳಚಿದ ಹೆಂಗಸಿನ ಒಂದು ತುಂಡು ರೀಲನ್ನು ಎಲ್ಲಿಂದಲೋ ತಂದು ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಶನಿವಾರದ ಎರಡನೇ ಆಟಕ್ಕೆ, ಬಂದ ಸಿನಿಮಾದಲ್ಲಿ ತಕ್ಕ ಜಾಗ ನೋಡಿ ಕತ್ತರಿಸಿ, ಈ ತುಂಡನ್ನು ನಡುವೆ ಅಂಟಿಸುತ್ತಿದ್ದರು. ಅದೇ ಬಿಟ್. ಅಂಟಿಸಿದ ಜಾಗಕ್ಕೆ ಜಾಯಿಂಟು ಅಂತ ಹೆಸರು. ಜಾಯಿಂಟು ಬಂದಾಗ ಪರದೆ ಒಮ್ಮೆ ಬೆಳ್ಳಗಾಗಿ, ಚಿತ್ರ ಎಗರಿ, ಬಣ್ಣವೇ ಬೇರೆಯಾಗುತ್ತಿತ್ತು.

ಅತ್ತೆ ತಿರುಗಿ ನೋಡುವ ಜಾಗ ಟೆಂಟಿನವನಿಗೆ ಹೇಳಿ ಮಾಡಿಸಿದಂತಿತ್ತು. ಹುಡುಗಿ ಹಳ್ಳಕ್ಕೆ ಇಳಿಯುತ್ತಾಳೆ, ಹೆದರಿ ತಿರುಗುತ್ತಾಳೆ. ಅಲ್ಲಿಗೆ ಕತ್ತರಿ ಹಾಕಿ ಬಿಟ್ ಅಂಟಿಸಿದ. ಬಿಟ್ಟಿನ ಹೆಂಗಸೂ ನೀರಿನಲ್ಲೇ ಇದ್ದಳು. ಬೆನ್ನು ಕಾಣುತ್ತಿತ್ತು, ಮುಖ ಇರಲಿಲ್ಲ. ಇಷ್ಟು ಸಾಕಾಯಿತು.

ಅವತ್ತು ಅಪ್ಪ ಟೆಂಟಿನಲ್ಲಿದ್ದ. ಸಿನಿಮಾ, ಇಸ್ಪೀಟು ಎಂದರೆ ಮೂಗು ಮುರಿಯುವ ಮನುಷ್ಯ, ತಂಗಿ ಇದ್ದಾಳೆಂಬ ಒಂದೇ ಕಾರಣಕ್ಕೆ ಹೋಗಿದ್ದನೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಮಾರನೆಯ ದಿನ ಗಿರಣಿಗೆ ಭತ್ತ ತಂದ ಗಾಡಿಯವರ ಬಾಯಲ್ಲೂ ಅದೇ ಮಾತು. ಅತ್ತೆಗೆ ನಿಶ್ಚಯವಾಗಿದ್ದ ಗಂಡಿನ ಕಡೆಯವರು ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ಅದು ನಾನಲ್ಲ, ನಾನು ಸೀರೆ ಉಟ್ಟು ಕೊಡ ಹೊತ್ತದ್ದು ಅಷ್ಟೇ ಎಂದು ಅತ್ತೆ ದೇವರ ಜಗಲಿಯ ಲಿಂಗದ ಮುಂದೆ ನಿಂತು ಆಣೆ ಮಾಡಿದಳಂತೆ. ಅಪ್ಪ ಅಂದದ್ದು ಒಂದೇ ಮಾತು.

"ನಾ ಕಣ್ಣಾರೆ ಕಂಡೀನಿ."

ಅದಾದ ಮೇಲೆ ಅತ್ತೆಯ ಮಾತಿಗೆ ಕವಡೆ ಕಿಮ್ಮತ್ತು ಉಳಿಯಲಿಲ್ಲ. ದೂರದ ನೆಂಟರೊಬ್ಬರು ಹೊಸಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಅಲ್ಲಿಗೆ ರೊಟ್ಟಿ ಬಡಿಯಲು ಕಳಿಸಿಬಿಟ್ಟರು. ಅಪ್ಪ ಮಾತು ಬಿಟ್ಟ. ಮಾತು ಬಿಟ್ಟದ್ದಿರಲಿ, ಪಂಚಮಿಗೆ ಕರೆಯುವುದನ್ನೂ ಬಿಟ್ಟ. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನಾದವನು ತಾನೇ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಕರೆಯಲು ಬಾರದ ಅಣ್ಣನಿದ್ದರೆ ಆ ಹೆಂಗಸು ಹಬ್ಬದ ದಿನ ಓಣಿಯಲ್ಲಿ ತಲೆ ಎತ್ತುವಂತಿಲ್ಲ.

ನಾನು ಅತ್ತೆಯನ್ನು ಮೊದಲು ಕಂಡದ್ದು ಹೊಸಪೇಟೆಯಲ್ಲಿ ಕಾಲೇಜಿಗೆ ಸೇರಿದ ಮೇಲೆ. ಅಷ್ಟರಲ್ಲಿ ಖಾನಾವಳಿ ಅವಳದೇ ಆಗಿತ್ತು. ಮನೆಯಲ್ಲಿ ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗಿ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕುಳಿತೆ. ಅತ್ತೆ ಪಲ್ಯದ ಬಕೀಟು ಹಿಡಿದು ಬಂದವಳು ನನ್ನ ಮುಖ ನೋಡಿ ಅಲ್ಲೇ ನಿಂತಳು. ಯಾರ ಮಗಳು ಅಂತ ಕೇಳಲೂ ಇಲ್ಲ. "ಏಳು, ಒಳಗ ಬಾ. ಹೊರಗ ಕುಂದ್ರೋರು ಗಿರಾಕಿಗಳು," ಅಂದಳು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಣೆ ಹಾಕಿ, ಹಂಚಿನಿಂದ ಇಳಿದ ರೊಟ್ಟಿಯನ್ನು ನೇರ ನನ್ನ ತಟ್ಟೆಗೆ ಹಾಕಿದಳು. ಅವತ್ತಿನಿಂದ ಇಲ್ಲಿಯವರೆಗೆ ನಾನು ಆ ಹೊರಗಿನ ಬೆಂಚಿನ ಮೇಲೆ ಕುಳಿತಿಲ್ಲ.

ಆಕೆ ಅಪ್ಪನ ಮೇಲೆ ಒಂದೂ ಕೆಟ್ಟ ಮಾತು ಆಡುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ ಸಿಟ್ಟು. ನಾನು ಅಪ್ಪನನ್ನು ಬೈದರೆ ಅವಳೇ ಅಡ್ಡ ಬರುವಳು. ಬಿಟ್ ಅಂಟಿಸಿದ್ದಾರೆಂದು ಅವಳಿಗೆ ಎಷ್ಟೋ ವರ್ಷಗಳ ಮೇಲೆ ಗೊತ್ತಾಗಿತ್ತು. ಖಾನಾವಳಿಗೆ ಬರುವ ಗಂಡಸರ ಮಾತು ಕಿವಿಗೆ ಬೀಳದೆ ಇರುತ್ತದೆಯೇ? ಆದರೆ ಅಣ್ಣನಿಗೆ ಅದು ಹೇಗೆ ತಿಳಿಯಬೇಕು, ಅವನು ಅಂಥದ್ದನ್ನೆಲ್ಲ ನೋಡಿದವನೇ, ಕತ್ತಲಲ್ಲಿ ಕುಳಿತವನಿಗೆ ಕಂಡದ್ದೇ ಖರೆ ಅನ್ನಿಸಿತು, ಪಾಪ, ಎನ್ನುತ್ತಿದ್ದಳು. ಪ್ರತಿ ಪಂಚಮಿಗೆ ಎಳ್ಳುಂಡಿ, ಶೇಂಗಾದ ಉಂಡಿ ಕಟ್ಟಿ ಡಬ್ಬಿ ತುಂಬಿಡುವಳು. ಯಾರಿಗೆ ಅಂತ ಕೇಳಿದರೆ ಗಿರಾಕಿಗಳಿಗೆ ಅನ್ನುವಳು. ಹಬ್ಬದ ದಿನ ಮಧ್ಯಾಹ್ನದವರೆಗೆ ಹೊಸ ಸೀರೆ ಉಟ್ಟು ಬಾಗಿಲ ಕಡೆ ಮುಖ ಮಾಡಿ ಕೂರುವಳು. ಆಮೇಲೆ ಎದ್ದು ಹಳೆಯದನ್ನು ಉಟ್ಟುಕೊಂಡು ಒಲೆ ಹೊತ್ತಿಸುವಳು.

ಕಾಲ ಹೋದಹಾಗೆ ಊರು ಮರೆಯಿತು. ಟೆಂಟು ಎದ್ದುಹೋಯಿತು, ಆ ರೀಲು ಬಿಟ್ಟಿನ ಸಮೇತ ಯಾವ ಮೂಲೆ ಸೇರಿತೋ ಯಾರಿಗೂ ಬೇಕಿರಲಿಲ್ಲ. ಅತ್ತೆಗೆ ತಲೆ ನೆರೆಯಿತು, ಹೊಸಪೇಟೆಯಲ್ಲಿ ಅವಳ ರೊಟ್ಟಿಗೆ ಹೆಸರು ಬಂತು. ಈಚೆಗೆ ಅಪ್ಪನೂ ಮೆತ್ತಗಾಗಿದ್ದ. ನಾನು ಕಂಪ್ಲಿಗೆ ಹೋದಾಗ, ಅಕಿ ಆರಾಮದಾಳೇನು ಎಂದು ನನ್ನ ಮುಖ ನೋಡದೆ ಕೇಳುತ್ತಿದ್ದ. ಇದನ್ನು ಅತ್ತೆಗೆ ಹೇಳಿದಾಗ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಈ ಸಲ ಬಂದರೂ ಬಂದಾನು ಅಂದಿದ್ದಳು. ಸರಿಯಾಗಿ ಆ ಹೊತ್ತಿಗೆ ಬಂತು ಈ ದರಿದ್ರ ಡಬ್ಬಿ.

ಡಬ್ಬಿಯನ್ನು ಅವಳಿಗೆ ತೋರಿಸದೆ ಮುಚ್ಚಿಡೋಣ ಅಂದುಕೊಂಡಿದ್ದೆ. ಮುಚ್ಚಿಡುವುದೇನು ಮಣ್ಣು! ಫೋನುಗಳಲ್ಲಿ ಆ ಹಳ್ಳದ ತುಂಡು ಆಗಲೇ ಓಡಾಡುತ್ತಿತ್ತು, ಹುಡುಗಿ ಯಾರೆಂದು ಹಳಬರ್ಯಾರೋ ಬಾಯಿಬಿಟ್ಟಿರಬೇಕು. ಒಂದು ದಿನ ಖಾನಾವಳಿಗೆ ಬಂದ ನಾಲ್ಕು ಪಡ್ಡೆ ಹುಡುಗರು ಫೋನು ನೋಡುವುದು, ಅತ್ತೆಯನ್ನು ನೋಡುವುದು, ಮುಸಿಮುಸಿ ನಗುವುದು ಮಾಡಿದರಂತೆ. ಒಬ್ಬ ಎದ್ದು ಬಂದು, ಅಜ್ಜಿ ಒಂದು ಸೆಲ್ಫಿ ಎಂದನಂತೆ. ಅವಳು ಸುಡುವ ಸೌಟು ಎತ್ತಿದಳು, ಅವರು ಊಟ ಬಿಟ್ಟು ಓಡಿದರು. ಸಂಜೆ ನಾನು ಹೋದಾಗ ಅತ್ತೆ ನನ್ನನ್ನು ಕೇಳಿದ ಮೊದಲ ಮಾತು, ಅಣ್ಣನಿಗೆ ಗೊತ್ತಾಯಿತೇ ಎಂಬುದು. ನನಗೆ ಮೈಯೆಲ್ಲ ಉರಿದುಹೋಯಿತು. ಜಗತ್ತಿಗೆಲ್ಲ ಅವಳ ಮುಖ ಹಂಚಿದ್ದಾರೆ, ಅವಳ ಚಿಂತೆ ಮಾತ್ರ ಕಂಪ್ಲಿಯ ಒಬ್ಬ ಮುದುಕನದು.

ಡಬ್ಬಿಯ ಹಿಂದಿದ್ದ ನಂಬರಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದೆಲ್ಲ ಅಂದೆ. ಆ ಕಡೆ ಮಾತಾಡಿದವನು ಬೆಂಗಳೂರಿನ ಹುಡುಗ, ಹಳೆಯ ರೀಲು ತೊಳೆದು ಹೊಸದು ಮಾಡುವವರಲ್ಲಿ ಒಬ್ಬ. ಎಷ್ಟು ಬೈದರೂ ಮೇಡಂ ಮೇಡಂ ಎಂದೇ ಮಾತಾಡುವನು. ಕೊನೆಗೆ, ಆ ತಾಯಿ ಇನ್ನೂ ಇದ್ದಾರಾ, ನಾನೇ ಬಂದು ಕಾಲಿಗೆ ಬೀಳಬೇಕು ಅಂದ. ಬಾ ಅಂದೆ. ಮುಂದಿನ ವಾರ ಬಂದೇಬಿಟ್ಟ, ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು. ಅತ್ತೆ ಅವನಿಗೆ ಹೊರಗಿನ ಬೆಂಚಿನ ಮೇಲೆ ಊಟ ಹಾಕಿದಳು. ಹೊಟ್ಟೆ ತುಂಬ ಉಂಡ. ಆಮೇಲೆ, ನಾವು ಎಷ್ಟು ಪ್ರೀತಿಯಿಂದ ಕೆಲಸ ಮಾಡಿದ್ದೇವೆ ನೋಡಿ ಎಂದು ಲ್ಯಾಪ್‌ಟಾಪು ತೆರೆದ.

ಪರದೆಯನ್ನು ಎರಡು ಭಾಗ ಮಾಡಿದ್ದ. ಎಡಗಡೆ ಕಂಪ್ಲಿಯಲ್ಲಿ ಸಿಕ್ಕಿದ ರೀಲು ಇದ್ದ ಹಾಗೆ, ಬಲಗಡೆ ಅವರು ತಿದ್ದಿದ್ದು. ಅತ್ತೆ ತನ್ನ ಆ ಮುಖವನ್ನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು. ಆ ಸಿನಿಮಾವನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಎಡಗಡೆ ಹಸಿರು ಬೆಳಕಿನಲ್ಲಿ ಹುಡುಗಿ ಹಳ್ಳಕ್ಕಿಳಿದು ತಿರುಗಿದಳು. ಟಪ್ ಎಂದು ಸದ್ದಾಗಿ ಪರದೆ ಬೆಳ್ಳಗಾಯಿತು, ಚಿತ್ರ ಎಗರಿತು, ಇಟ್ಟಿಗೆಯಂಥ ಕೆಂಪು ಬಣ್ಣದಲ್ಲಿ ಬೇರೆ ಯಾವಳದೋ ಬೆನ್ನು ಕಾಣಿಸಿತು. ಕುರುಡನಿಗೂ ಗೊತ್ತಾಗಬೇಕು ಅದು ಬೇರೆ ರೀಲು ಅಂತ. ಬಲಗಡೆ ಅದೇ ಹುಡುಗಿ ಅದೇ ಹಸಿರು ಬೆಳಕಿನಲ್ಲಿ ತಿರುಗಿದಳು, ಅದೇ ಹಸಿರಿನಲ್ಲಿ ಬೆನ್ನು ಕಂಡಿತು. ಎಗರಲಿಲ್ಲ, ಬೆಳ್ಳಗಾಗಲಿಲ್ಲ. ಸದ್ದಿನ ಜಾಗದಲ್ಲಿ ಹಕ್ಕಿ ಕೂಗುತ್ತಿತ್ತು. ಅಯ್ಯೋ ನಿಮ್ಮ, ಹಕ್ಕಿ ಬೇರೆ! ಅದೊಂದು ಜಾಗ ನಯ ಮಾಡಲು ವಾರಗಟ್ಟಲೆ ಕುಳಿತೆವು ಎಂದು ಅವನು ಹೆಮ್ಮೆಯಿಂದ ಹೇಳಿದ.

ಟೆಂಟಿನವನು ಅಂಟಿಸಿ ಸುಳ್ಳು ಹೇಳಿದ್ದ. ಆದರೆ ಅಂಟಿಸಿದ ಗುರುತು ಉಳಿದಿತ್ತು. ಅತ್ತೆಯ ಪಾಲಿಗೆ ಈ ಭೂಮಿಯ ಮೇಲೆ ಇದ್ದ ಒಂದೇ ಸಾಕ್ಷಿ ಅದು, ಇವರು ಅದನ್ನು ಗಲೀಜು ಅಂತ ತಿಳಿದು ತೊಳೆದುಹಾಕಿದ್ದರು.

ಅತ್ತೆ ಎಡಗಡೆಯದನ್ನು ಮತ್ತೆ ತೋರಿಸಲು ಹೇಳಿದಳು. ಎಗರಿದ ಜಾಗಕ್ಕೆ ಬೆರಳಿಟ್ಟು ಇದೇನು ಅಂತ ಕೇಳಿದಳು. ಡ್ಯಾಮೇಜ್ ಅಮ್ಮ, ಸರಿ ಮಾಡಿದ್ದೀವಿ ಅಂದ. ನನಗೆ ಇನ್ನು ತಡೆಯಲಾಗಲಿಲ್ಲ. ಬಿಟ್ ಅಂದರೆ ಏನು, ಕಂಪ್ಲಿಯ ಟೆಂಟಿನಲ್ಲಿ ಏನು ನಡೆಯುತ್ತಿತ್ತು, ಎಲ್ಲ ಅವನ ಮುಖಕ್ಕೆ ಹೇಳಿದೆ. ಹುಡುಗನ ಮುಖ ಬಿಳಿಚಿಕೊಂಡಿತು. ಸಿಕ್ಕ ರೀಲು ಸೆನ್ಸಾರಿನವರ ದಾಖಲೆಯಲ್ಲಿದ್ದ ಅಳತೆಗಿಂತ ಉದ್ದವಿತ್ತಂತೆ. ಅದಕ್ಕೇ ಇದು ಕತ್ತರಿಗೆ ಸಿಗದ ಪೂರ್ತಿ ಪ್ರತಿ ಎಂದು ಕುಣಿದಾಡಿದರಂತೆ. ಉದ್ದ ಇದ್ದರೆ ಯಾರೋ ಸೇರಿಸಿರಲೂಬಹುದು ಅನ್ನುವುದು ಆ ಓದಿದ ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಡಬ್ಬಿಯ ಪುಸ್ತಕದಲ್ಲಿ ಆ ದೃಶ್ಯದ ಬಗ್ಗೆಯೇ ಎರಡು ಪುಟ ಬರೆದಿದ್ದಾರೆ. ನಟಿಯ ದಿಟ್ಟತನವಂತೆ!

ಅತ್ತೆ ಕೂಗಾಡಲಿಲ್ಲ. ಅವನ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಹೇಳಿದಳು: "ತಮ್ಮಾ, ಅದನ್ನ ಮೊದಲಿದ್ದಂಗ ಮಾಡು. ಎಗರಿದ್ದು ಎಗರಿದಂಗ ಕಾಣ್ಲಿ. ಅಷ್ಟ ಮಾಡಿದ್ರ ಸಾಕು."

ಮಾಡಿಸುತ್ತೇನೆ ಎಂದು ಮಾತು ಕೊಟ್ಟ. ಎಡಗಡೆಯ ತುಂಡನ್ನು ನನ್ನ ಫೋನಿಗೆ ಹಾಕಿಕೊಟ್ಟ. ಅವನು ಒಳ್ಳೆಯ ಹುಡುಗನೇ ಇರಬೇಕು. ಅವನ ಮೇಲಿನವರು ಮಾತ್ರ ಹುಡುಗರಲ್ಲ. ಡಿಸ್ಕು ಆಗಲೇ ಅಚ್ಚಾಗಿದೆ, ಮುಂದೆ ಮತ್ತೆ ತಂದರೆ ಪರಿಶೀಲಿಸುತ್ತೇವೆ ಎಂದರು. ಕೆಲವೇ ದಿನಗಳಲ್ಲಿ ಡಬ್ಬಿಗಳೆಲ್ಲ ಮಾರಾಟವಾದವು ಎಂದು ಹಿಗ್ಗಿನಿಂದ ಪ್ರಕಟಣೆ ಹಾಕಿದರು, ಅತ್ತೆಯ ಮುಖವನ್ನೇ ಮತ್ತೊಮ್ಮೆ ಹಾಕಿ. ಆಮೇಲೆ ನನ್ನ ಫೋನು ಎತ್ತುವುದನ್ನೂ ಬಿಟ್ಟರು. ವಕೀಲರೊಬ್ಬರನ್ನು ಕೇಳೋಣ ಅಂದರೆ ಅತ್ತೆ ಒಪ್ಪಲಿಲ್ಲ. ಅವಳಿಗೆ ಆ ಕಂಪನಿಯವರ ಉಸಾಬರಿ ಬೇಡವಾಗಿತ್ತು. ನನ್ನ ಫೋನನ್ನು ತೋರಿಸಿ, ಇಷ್ಟು ಸಿಕ್ಕಿತಲ್ಲ, ಇದನ್ನು ಅಣ್ಣನಿಗೆ ತೋರಿಸು ಅಂದಳು.

"ಅವತ್ತ ಅವನಿಗೆ ಕಂಡಿರಾಕಿಲ್ಲ. ಈಗ ಕಾಣ್ತೈತಿ. ಕಂಡ್ರ ಬರ್ತಾನ ನೋಡು, ಪಂಚಮಿಗೆ ಬಂದ ಬರ್ತಾನ."

ಪಂಚಮಿ ಹತ್ತಿರ ಬಂದಿತ್ತು. ಭಾನುವಾರ ಕಂಪ್ಲಿಗೆ ಹೋದೆ. ಗಿರಣಿಯನ್ನು ಬೇರೆಯವರಿಗೆ ಕೊಟ್ಟು ವರ್ಷಗಳಾದರೂ ಅಪ್ಪ ಬೆಳಗಿನ ಪೂಜೆ ಮುಗಿಸಿ ಅದರ ಮುಂದಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಾನೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪೇಪರು. ನಾನು ಪಕ್ಕ ಕುಳಿತು, ಏನೂ ಹೇಳದೆ, ಫೋನಿನಲ್ಲಿ ಆ ತುಂಡನ್ನು ಹಾಕಿ ಅವನ ಮುಂದೆ ಹಿಡಿದೆ. ನೋಡಿದ. ಕೊನೆಯವರೆಗೂ ನೋಡಿದ. ಅವನ ಬಾಯಿಂದ ಪಶ್ಚಾತ್ತಾಪದ ಒಂದು ಮಾತು ಬರುತ್ತದೆಂದು ಕಾಯುತ್ತಿದ್ದೆ.

"ಇದನ್ನೇನು ತೋರಸ್ತಿ, ನಾ ಕಂಡಿಲ್ಲೇನು?" ಅಂದ.

ಅವನಿಗೆ ಅರ್ಥವಾಗಲಿಲ್ಲ ಅಂದುಕೊಂಡೆ. ಎಗರುವ ಜಾಗ ನೋಡಪ್ಪ, ಅದು ಜಾಯಿಂಟು, ಅಲ್ಲಿಂದ ಮುಂದೆ ಅತ್ತೆ ಅಲ್ಲ ಎಂದು ಮತ್ತೆ ಹಾಕಲು ಹೋದೆ. ಅವನು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ.

"ನಾನೂ ಜಾಯಿಂಟ ಹೇಳಾಕತ್ತೀನಿ. ಅದ ಬಿಟ್ ಎಲ್ಲಾ ಪಿಚ್ಚರಿನಾಗ ಬರ್ತಿತ್ತು. ಶನಿವಾರಕ್ಕೊಮ್ಮೆ ನಾವೆಲ್ಲಾ ಅದನ್ನ ನೋಡಾಕ ಹೋಗ್ತಿದ್ವಿ."

ಭತ್ತದ ಧಾರಣೆ ಹೇಳುವ ದನಿಯಲ್ಲೇ ಹೇಳಿದ. ಶನಿವಾರಕ್ಕೊಮ್ಮೆ. ತಂಗಿಗಾಗಿ ಒಂದೇ ಒಂದು ಸಲ ಟೆಂಟಿಗೆ ಹೋಗಿದ್ದ ನಮ್ಮ ಅಪ್ಪ. ಹಾಗಾದರೆ ಅದು ಅತ್ತೆ ಅಲ್ಲ ಅಂತ ಅವತ್ತೇ ಗೊತ್ತಿತ್ತಾ ಅಂದೆ. ಹೌದೆಂದು ತಲೆ ಆಡಿಸಿದ. ಮತ್ತೆ ಯಾಕೆ ಹೇಳಲಿಲ್ಲ ಅಂದೆ. ಪೇಪರನ್ನು ಮಡಿಚಿ ಮಡಿಚಿ ಚಿಕ್ಕದು ಮಾಡಿದ.

"ಹೆಂಗ ಹೇಳ್ಲಿ? ಬಿಟ್ ಅಂತ ಹೇಳಿದ್ರ, ನಿನಗ ಹೆಂಗ ಗೊತ್ತಲೇ ಅಂತ ನಮ್ಮಪ್ಪ ಕೇಳ್ತಿರಲಿಲ್ಲೇನು? ಬೇರೆಯವರು ಹೇಳ್ತಾರಂತ ನಾ ಸುಮ್ಮನಿದ್ದೆ. ಅವರೂ ಸುಮ್ಮನಿದ್ರು."

ಟೆಂಟು ತುಂಬ ಗಂಡಸರಿದ್ದರು. ಎಲ್ಲರಿಗೂ ಗೊತ್ತಿತ್ತು. ಆ ಬೆನ್ನನ್ನು ಅವರು ಹಿಂದಿನ ಶನಿವಾರವೂ ನೋಡಿದ್ದರು, ಅದರ ಹಿಂದಿನ ಶನಿವಾರವೂ. ಒಬ್ಬ, ಒಬ್ಬನೇ ಒಬ್ಬ, ಇದು ಬಿಟ್ ಐತ್ರಪ್ಪ, ಆ ಹುಡುಗಿ ಅಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂದವನ ಮರ್ಯಾದೆ ಸ್ವಲ್ಪ ಹೋಗುತ್ತಿತ್ತು, ಅಷ್ಟೇ. ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಒಂದು ಹುಡುಗಿಯನ್ನು ಹಾಗೇ ಬಿಟ್ಟುಬಿಟ್ಟರು. ನಾನು ಎಷ್ಟೋ ವಾರಗಳಿಂದ ಜಾಯಿಂಟು ಅಳಿಸಿದವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಎಲ್ಲರಿಗಿಂತ ಮೊದಲು ಅಳಿಸಿದವರು ನಮ್ಮವರೇ.

ಕಟ್ಟೆಯ ಮೇಲೆ ನಿಂತು, ಗಿರಣಿಯ ಆಳುಗಳಿಗೆ ಕೇಳುವಂತೆ, ಮಗಳಾದವಳು ತಂದೆಗೆ ಅನ್ನಬಾರದ ಮಾತುಗಳನ್ನೆಲ್ಲ ಅಂದೆ. ಅದನ್ನು ಇವತ್ತಿಗೂ ತಪ್ಪು ಅನ್ನುವುದಿಲ್ಲ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ ನಾನು, ಪಂಚಮಿಗೆ ಕರೆಯಲು ಹೋಗು, ಆದರೆ ಹೋದ ಮೇಲೆ ನನಗೆ ಹೇಳಿದ್ದನ್ನು ಅವಳಿಗೆ ನಿನ್ನ ಬಾಯಿಂದಲೇ ಹೇಳು, ನಾನು ಹೇಳುವುದಿಲ್ಲ ಅಂದೆ. ನಿಜ ಹೇಳುತ್ತೇನೆ, ನನಗೆ ಧೈರ್ಯವೇ ಇರಲಿಲ್ಲ. ಪಾಪ ಅವನಿಗೆ ಕಂಡಿರಲಿಕ್ಕಿಲ್ಲ ಎಂದು ಇಡೀ ಆಯುಷ್ಯ ಹೇಳಿಕೊಂಡು ಬಂದವಳ ಮುಂದೆ ನಿಂತು ಇದನ್ನು ಹೇಗೆ ಹೇಳುವುದು?

ಪಂಚಮಿಯ ದಿನ ಅಪ್ಪ ಬಂದ. ಬಿಳಿ ಧೋತರ ಉಟ್ಟು, ಕೈಚೀಲದಲ್ಲಿ ಸೀರೆ, ಕುಪ್ಪಸದ ಖಣ, ಉಂಡಿ ಇಟ್ಟುಕೊಂಡು, ನನ್ನ ಜತೆ ಬಸ್ಸಿನಲ್ಲಿ ಹೊಸಪೇಟೆಗೆ ಬಂದ. ಖಾನಾವಳಿಯಲ್ಲಿ ಆಗಲೇ ಒಂದಿಬ್ಬರು ಗಿರಾಕಿಗಳು ಉಣ್ಣುತ್ತಿದ್ದರು. ಅತ್ತೆ ಹೊಸ ಸೀರೆ ಉಟ್ಟು ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದಳು. ಅಪ್ಪನನ್ನು ಕಂಡು ಎದ್ದಳು. ಅಣ್ಣಾ ಅಂದಳು. ಕಾಲಿಗೆ ನೀರು ತರಲು ಒಳಗೆ ಓಡಿದಳು. ತಂಬಿಗೆ ಹಿಡಿದು ಬಂದಾಗ ಅವಳ ಮುಖ ಆ ಡಬ್ಬಿಯ ಮೇಲಿನ ಹುಡುಗಿಯದಕ್ಕಿಂತ ಸಣ್ಣ ವಯಸ್ಸಿನದಾಗಿತ್ತು. ಇಲ್ಲಿಗೇ ಬಿಟ್ಟುಬಿಡೋಣ, ಹೇಳುವುದು ಬೇಡ ಅಂತ ನನಗೆ ಅನ್ನಿಸಿತು. ಆದರೆ ಅಪ್ಪ ನನ್ನ ಕಡೆ ಒಮ್ಮೆ ನೋಡಿ, ಹೊಸ್ತಿಲ ಹೊರಗೆ ನಿಂತೇ ಹೇಳಿದ.

"ತಂಗಿ, ಆ ಬಿಟ್ಟಿನಾಗ ಇದ್ದಾಕಿ ನೀನಲ್ಲಂತ ನನಗ ಗೊತ್ತಿತ್ತು."

ಅತ್ತೆ ನಕ್ಕಳು. ನನ್ನ ಫೋನಿನಲ್ಲಿ ನೋಡಿ ಗೊತ್ತಾಯಿತೆಂದು ತಿಳಿದಳು. ಅದಕ್ಕೇನಣ್ಣ, ಈಗಲಾದರೂ ಕಂಡಿತಲ್ಲ ಅಂದಳು. ಅಪ್ಪ, ಹಾಗಲ್ಲ ಎಂದು ತಲೆ ಆಡಿಸಿದ.

"ಈಗಲ್ಲ. ಅವತ್ತ ಗೊತ್ತಿತ್ತು. ಟೆಂಟಿನಾಗ ಕುಂತಾಗ."

ಅತ್ತೆ ಕೈಯಲ್ಲಿದ್ದ ತಂಬಿಗೆಯನ್ನು ಅವನಿಗೆ ಕೊಡದೆ ಹೊಸ್ತಿಲ ಒಳಗಡೆ, ಗೋಡೆಯ ಪಕ್ಕ ಇಟ್ಟಳು. ಅಪ್ಪ ತಾನೇ ಚಪ್ಪಲಿ ಬಿಟ್ಟು ಒಳಗೆ ಬಂದ. ಉಣ್ಣುತ್ತಿದ್ದ ಗಿರಾಕಿಗಳನ್ನು ದಾಟಿ, ಮನೆಯವನಂತೆ, ಅಡುಗೆಮನೆಯ ಬಾಗಿಲ ಕಡೆ ನಡೆದ. ಅತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಒಳಗ ಬ್ಯಾಡ್ರಿ. ಅಲ್ಲಿ ಬೆಂಚಿನ ಮ್ಯಾಲೆ ಕುಂದ್ರಿ, ಊಟ ತರ್ತೀನಿ."

ಅಪ್ಪ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತ. ಅತ್ತೆ ಅವನಿಗೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿದಳು. ಪಕ್ಕದ ಗಿರಾಕಿಗೆ ಹಾಕಿದಷ್ಟೇ ಹಾಕಿದಳು, ಉಂಡಿಯ ಡಬ್ಬಿ ತೆರೆಯಲಿಲ್ಲ. ನಾನು ಎಲ್ಲಿ ಕೂರಬೇಕೆಂದು ತಿಳಿಯದೆ ನಡುವೆ ನಿಂತಿದ್ದೆ. ಅವಳು ಬಕೀಟು ಹಿಡಿದು ಒಳಗೆ ಹೋಗುತ್ತ ನನ್ನನ್ನು ಕರೆದಳು.

"ನೀ ಯಾಕ ನಿಂತಿ? ಒಳಗ ಬಾ, ರೊಟ್ಟಿ ಆರ್ತಾವ."

ನಾನು ಒಳಗೆ ಹೋದೆ.